ಮುಖ ಒಡೆದ ಸಂತರು

ವಸುಧಾ, ನೀನು ಜಾರಿ ಬೀಳಲಿಲ್ಲ. ಅಮೆರಿಕದ ಹೋಬೋಕನ್ ಊರಿನ ಮನೆಯ ಮೆಟ್ಟಿಲ ಮೇಲಿಂದ ನಿನ್ನನ್ನು ತಳ್ಳಿದವನು ನನ್ನ ಮಗ ರೋಶನ್. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೋಡಿಯೂ ಪೊಲೀಸರಿಗೆ, ಡಾಕ್ಟರಿಗೆ, ಆಮೇಲೆ ನಿನಗೇ — ಸುಳ್ಳು ಹೇಳಿದೆ.

ಗಂಡ ತೀರಿಕೊಂಡ ಮೇಲೆ ಮಂಗಳೂರು ಬಿಟ್ಟು ನಿಮ್ಮ ಮನೆಗೆ ಬಂದವಳು ನಾನು. ಜೀವಮಾನವೆಲ್ಲ ಶಾಲೆಯಲ್ಲಿ ಕನ್ನಡ ಕಲಿಸಿದ್ದೆ. ಆ ಮನೆಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವಳು ಮೈಸೂರಿನಿಂದ ಬಂದ ನೀನೊಬ್ಬಳೇ. ಹುಟ್ಟಿನಿಂದ ಕ್ರೈಸ್ತಳಾದ ನನಗೆ ಚರ್ಚನ್ನು ಕಣ್ಣಿಟ್ಟು ನೋಡುವುದನ್ನು ಕಲಿಸಿದವಳೂ ನೀನೇ.

ನಿನ್ನ ಪಿಎಚ್.ಡಿ. ಸಂಶೋಧನೆಯ ಫೋಟೋಗಳು ಗೋಡೆ ತುಂಬ ಇದ್ದವು. ಬೆಲ್ಜಿಯಂನ ಒಂದು ಹಳೆಯ ನಗರ, ಅದರ ಪೇಟೆ ಬೀದಿಯ ನಡುವೆ ಆ ಚರ್ಚು. ರಾಜರು ಕಟ್ಟಿಸಿದ್ದಲ್ಲ, ನೇಕಾರರೂ ಬಣ್ಣಗಾರರೂ ಕಟುಕರೂ ದುಡಿದು ಕಟ್ಟಿಸಿದ್ದು. ಒಂದೊಂದು ಕಸುಬಿನವರಿಗೆ ಒಂದೊಂದು ಪೀಠ, ಒಬ್ಬೊಬ್ಬ ಸಂತ. ಚರ್ಚಿನಲ್ಲಿ ವಿಗ್ರಹ ಬೇಡವೆಂಬ ಹಿಂದಿನ ಕಾಲದ ಧರ್ಮದ ಜಗಳದಲ್ಲಿ ಜನ ಸುತ್ತಿಗೆ, ಉಳಿ ಹಿಡಿದು ಒಳನುಗ್ಗಿದರು. ಕಲ್ಲಿನ ಮೈ ಹಾಗೇ ಉಳಿಯಿತು, ಮುಖಗಳು ಮಾತ್ರ ಹೋದವು. ಒಬ್ಬ ಸಂತ ಸ್ತ್ರೀಯ ಸೆರಗಿನ ನಿರಿಗೆಗೆ ಇನ್ನೂ ನೀಲಿ ಅಂಟಿತ್ತು, ಮುಖವಿದ್ದಲ್ಲಿ ಉಳಿಯ ಗಾಯ.

"ಹೊರಗಿನವರು ಬಂದು ಒಡೆದರು ಅಂತ ಆ ಊರಿನವರು ಇವತ್ತಿಗೂ ಹೇಳ್ತಾರೆ ಅತ್ತೆ," ಎಂದಿದ್ದೆ ನೀನು. "ಸುಳ್ಳು. ಕೆತ್ತಿಸಿದವರ ಮೊಮ್ಮಕ್ಕಳೇ ಒಡೆದದ್ದು. ನಾನು ಪ್ರೂವ್ ಮಾಡ್ತೀನಿ."

ಅದಕ್ಕಾಗಿ ಒಂದು ವರ್ಷ ಅಲ್ಲಿ ಇರಲು ನಿನಗೆ ಫೆಲೋಶಿಪ್ ಸಿಕ್ಕಿತು. ಆ ಸುದ್ದಿ ಬಂದ ದಿನವೇ ಅದು ನಡೆಯಿತು.

ಆಫೀಸಿನಿಂದ ಬಂದ ರೋಶನ್ ಶೂ ಕೂಡ ಬಿಚ್ಚದೆ ಒಳನುಗ್ಗಿದ. ಗೋಡೆಯ ಫೋಟೋಗಳನ್ನು ಕಿತ್ತು ಹರಿಯತೊಡಗಿದ. ನೀನು ಅಡ್ಡ ನಿಂತೆ. ಕೂದಲು ಹಿಡಿದು ನಿನ್ನ ತಲೆಯನ್ನು ಅದೇ ಗೋಡೆಗೆ ಬಡಿದ — ಮತ್ತೆ ಬಡಿದ. ತುಟಿ ಸೀಳಿ ರಕ್ತ ಅವನ ಅಂಗಿಯ ತೋಳಿಗೆ ಹಾರಿತು. ನೀನು ಬಾಗಿಲು ತೆರೆದು ಓಡಿದೆ. ಮೆಟ್ಟಿಲ ತುದಿಯಲ್ಲಿ ಅವನ ಕೈಗೆ ಸಿಕ್ಕೆ. ನೀನು ಬಿದ್ದ ಸದ್ದು ಒಂದೇ ಸದ್ದಲ್ಲ, ಅದು ಕೆಳಗಿನವರೆಗೂ ಮುಂದುವರಿಯಿತು. ನಿನ್ನ ದವಡೆ ಓರೆಯಾಗಿತ್ತು. ಕಣ್ಣು ತೆರೆದೇ ಇತ್ತು.

ಕೆಳಗಿನ ಮನೆಯವರು ಪೊಲೀಸರನ್ನು ಕರೆದರು. ಆ ಅಧಿಕಾರಿ ನನ್ನನ್ನೇ ಕೇಳಿದ. ರೋಶನ್ ಸಿಂಕಿನಲ್ಲಿ ಅಂಗಿಯ ತೋಳು ತೊಳೆಯುತ್ತಿದ್ದ.

"ಶಿ ಸ್ಲಿಪ್ಡ್," ಎಂದೆ. "ಐ ಸಾ ಇಟ್."

ಮಗನನ್ನು ಕಳೆದುಕೊಳ್ಳುವ ಭಯದಿಂದ ಹೇಳಿದೆ ಎಂದು ಬರೆಯಲು ಹೊರಟೆ, ವಸುಧಾ. ಅದು ಪೂರ್ತಿ ನಿಜವಲ್ಲ. ಅಂದು ಸಂಜೆ ಅವನು ಒಳಗೆ ಕಾಲಿಡುವ ಮೊದಲೇ ಫೋನಿನಲ್ಲಿ ಸುದ್ದಿ ಮುಟ್ಟಿಸಿದವಳು ನಾನು. "ಕಟ್ಟಿಕೊಂಡ ಹೆಂಡತಿಯನ್ನು ನಿಲ್ಲಿಸಿಕೊಳ್ಳುವ ತಾಕತ್ತು ನಿನಗಿಲ್ಲವಾ?" ಎಂದು ಕೇಳಿದವಳೂ ನಾನೇ. ನೀನು ಹೋದರೆ ಆ ಮನೆಯಲ್ಲಿ ನನಗೆ ಯಾರೂ ಇರಲಿಲ್ಲ —

ತಲೆಗೆ ಬಿದ್ದ ಪೆಟ್ಟಿನಿಂದ ಆ ಸಂಜೆ ನಿನ್ನ ನೆನಪಿನಿಂದಲೇ ಹೋಗಿದೆ ಎಂದರು ಡಾಕ್ಟರು. ದವಡೆಗೆ ಬಿಗಿದ ತಂತಿ ತೆಗೆದ ಮೇಲೆ ನೀನು ಮೊದಲು ಕೇಳಿದ್ದು, "ಅತ್ತೆ, ನಾನು ಹೇಗೆ ಬಿದ್ದೆ?"

"ಸಾಕ್ಸ್ ಹಾಕಿಕೊಂಡು ಅವಸರದಲ್ಲಿ ಇಳಿದೆ ಮಗಾ, ಜಾರಿತು."

ನೀನು ನಂಬಿದೆ. ನಿನ್ನದೇ ತಪ್ಪು ಎಂದುಕೊಂಡು ರೋಶನ್‌ನ ಕ್ಷಮೆ ಕೇಳಿದೆ. ತಲೆ ಸುತ್ತು ನಿಲ್ಲದೆ ಫೆಲೋಶಿಪ್ ಬಿಟ್ಟೆ. ಗೋಡೆಯ ಫೋಟೋಗಳೇನಾದವು ಎಂದು ನೀನು ಕೇಳಿದಾಗ, ಗೋಡೆಗೆ ಪೇಂಟ್ ಮಾಡಿಸುವಾಗ ಹಾಳಾದವು ಎಂದೆ. ನೀನು ಅದನ್ನೂ ನಂಬಿದೆ.

ಕೆಲವು ವರ್ಷ ಅವನು ಕೈ ಎತ್ತಲಿಲ್ಲ. ಆಮೇಲೆ ಎತ್ತಿದ. ನಿನ್ನ ಎಡಗಿವಿ ಹೋಯಿತು. ಈ ಸಲ ನೆನಪು ಉಳಿಯಿತು. ನೀನು ಬ್ಯಾಗು ತುಂಬಿಕೊಂಡು ಹೊರಟೆ. ಬಾಗಿಲಲ್ಲಿ ನನ್ನ ಕೈ ಹಿಡಿದು, "ಇವನು ಮುಂಚೆ ಹೀಗಿರಲಿಲ್ಲ ಅತ್ತೆ, ಏನಾಯ್ತು ಇವನಿಗೆ?" ಎಂದು ಅಳತೊಡಗಿದೆ. ನಾನು ತಲೆ ಸವರಿದೆ. ಆಗಲೂ ಹೇಳಲಿಲ್ಲ. ಮೊದಲ ಸಲವೇ ನಿನಗೆ ನಿಜ ತಿಳಿದಿದ್ದರೆ ಆ ಕಿವಿ — ಆ ವರ್ಷಗಳು —

ನೀನೀಗ ಅದೇ ನಗರದಲ್ಲಿದ್ದೀಯಂತೆ, ಅದೇ ಚರ್ಚಿನ ಕೆಲಸ ಮತ್ತೆ ಹಿಡಿದಿದ್ದೀಯಂತೆ. ಇಲ್ಲಿ ನಿಮ್ಮ ಡೈವೋರ್ಸ್ ಆದ ಮೇಲೆ ರೋಶನ್‌ಗೆ ಹಿಕ್ಸ್‌ವಿಲ್ ಎಂಬ ಊರಿನ ಒಂದು ಹುಡುಗಿಯೊಡನೆ ಮದುವೆ ಮಾತು ನಡೆದಿತ್ತು. ನಾನು ರೈಲು ಹಿಡಿದು ಹೋಗಿ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅಲ್ಲಿಂದ ಬಂದು ಪೊಲೀಸ್ ಸ್ಟೇಷನ್ನಿನಲ್ಲಿ ನನ್ನ ಅಂದಿನ ಹೇಳಿಕೆ ಸುಳ್ಳೆಂದೆ. ಬರೆದುಕೊಂಡರು. ಇಷ್ಟು ತಡವಾಗಿ ಏನಾಗುತ್ತದೋ ಗೊತ್ತಿಲ್ಲ ಎಂದರು.

ಮನೆಗೆ ಬಂದು ಇದನ್ನು ಹೇಳಿದಾಗ ರೋಶನ್, "ಮಮ್ಮಿ, ನಾನು ನಿನ್ನ ಮಗ," ಎಂದ.

"ಗೊತ್ತು," ಎಂದೆ.

ನಿನ್ನ ಕ್ಷಮೆ ಕೇಳುವುದಿಲ್ಲ, ವಸುಧಾ. ನಿನ್ನ ವಕೀಲರು ಎಲ್ಲಿಗೆ ಕರೆದರೂ ಬರುತ್ತೇನೆ. ಎದ್ದು ನಿಂತು ಹೇಳುತ್ತೇನೆ — ಮೊದಲು ನಾನು ಮಾಡಿದ್ದನ್ನು, ಆಮೇಲೆ ಅವನು ಮಾಡಿದ್ದನ್ನು.