ಜಗಲಿಯ ಮೇಲಿನ ತಾಪಮಾಪಕ

ನನ್ನ ಅವ್ವ ಗೌಂಡಿಗಳ ಕೈಕೆಳಗೆ ಗಾರೆ ಬುಟ್ಟಿ ಹೊತ್ತವಳು. ಆ ಕೂಲಿಯಲ್ಲಿ ಓದಿ ನಮ್ಮ ಮನೆತನಕ್ಕೇ ಮೊದಲ ಪದವೀಧರಳಾದೆ; ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೊಪ್ಪಳದ ವಸತಿ ಯೋಜನೆಯ ಕಚೇರಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಯಲಬುರ್ಗಾ ಕಡೆಯ ಒಂದೇ ಓಣಿಯ ಎರಡು ಹೊಸ ಮನೆಗಳ ಒಳಗಿನ ತಾಪ ಅಳೆಯುವುದು. ಒಂದು ಸಿಮೆಂಟಿನದು. ಇನ್ನೊಂದು ಅಲ್ಲಿಯದೇ ಮಣ್ಣನ್ನು ಯಂತ್ರದಲ್ಲಿ ಒತ್ತಿ, ಸುಡದೆ ಮಾಡಿದ ಇಟ್ಟಿಗೆಯದು. ಬೇಸಿಗೆಯಲ್ಲಿ ಯಾವುದು ತಂಪಾಗಿರುತ್ತದೋ ಅದೇ ಮಾದರಿಯಲ್ಲಿ ಓಣಿಯ ಉಳಿದ ಮನೆಗಳನ್ನು ಕಟ್ಟುವುದೆಂದು ತೀರ್ಮಾನವಾಗಿತ್ತು. ಎರಡೂ ಕಡೆ ನಡುಮನೆಯಲ್ಲಿ ಮೊಳೆ ಹೊಡೆದು, ಸೆಖೆ ಎಷ್ಟೆಂದು ತಾನೇ ಅಳೆದು ಸಿಮ್ ಮೂಲಕ ಕಚೇರಿಗೆ ಕಳಿಸುವ ಅಂಗೈಯಗಲದ ಮಾಪಕ ತೂಗುಹಾಕಿ, ಜೋಪಾನ ಮಾಡಿರೆಂದು ಹೇಳಿ ಬಂದೆ.

ವಾರದ ನಂತರ ಮೇಲಧಿಕಾರಿ ಗ್ರಾಫ್ ನೋಡಿ, "ನಿಮ್ಮ ಮಣ್ಣಿನ ಮನೀನ ಹೆಚ್ಚು ಕಾಯ್ದೈತಲ್ರಿ. ಸಿಮೆಂಟ್ ಮನೀನ ಛಲೋ ಅಂತ ಬರದು ಮುಗಸ್ರಿ," ಎಂದರು.

ನನಗೆ ಸಮಾಧಾನವಾಗಲಿಲ್ಲ. ಮಣ್ಣಿನ ಮನೆಯ ಗೆರೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಗೋಪುರದಂತೆ ಏರಿ ಇಳಿದಿತ್ತು. ಉರಿಬಿಸಿಲಿನ ಮಧ್ಯಾಹ್ನ ಸುಮ್ಮನಿದ್ದ ಗೋಡೆ ಬೆಳಗಿನ ತಂಪಿನಲ್ಲಿ ಕಾಯುತ್ತದೆಯೇ? ಮರುದಿನ ಸಂಜೆಯ ಬಸ್ಸು ಹತ್ತಿದೆ.

ಮಣ್ಣಿನ ಮನೆಯ ಮೊಳೆ ಬರಿದಾಗಿತ್ತು. ಮಾಪಕ ದೇವರ ಜಗಲಿಯ ಮೇಲೆ ಕುಳಿತಿತ್ತು. ಮೈಗೆ ಮೂರೆಳೆ ವಿಭೂತಿ, ತಲೆಗೆ ಚೆಂಡುಹೂ, ಗೇಣಿನೊಳಗೆ ಉರಿಯುವ ಎಣ್ಣೆದೀಪ.

"ನೀವ ಹೇಳಿದ್ರಲ್ರಿ, ಜ್ವಾಕಿ ಮಾಡ್ರಿ ಅಂತ," ಎಂದಳು ಮನೆಯಾಕೆ. "ಗ್ವಾಡಿಗೆ ಹಲ್ಲಿ ಹರದಾಡ್ತಾವು. ಇದಕ್ಕಿಂತ ಜ್ವಾಕಿ ಜಾಗ ಎಲ್ಲೈತ್ರಿ?"

ಕಟ್ಟೆಯ ಮೇಲೆ ಕೂತಿದ್ದ ಆಕೆಯ ಗಂಡ, "ವಾರಗಟ್ಲೆ ದ್ಯಾವರ ಜ್ವರಾ ನೋಡ್ಯಾಳ್ರಿ. ಇಳದೈತೇನು ಕೇಳ್ರಿ," ಎಂದ.

"ನಿಮ್ಮ ನಾಲಿಗಿ ಮ್ಯಾಲ ಇಡಬೇಕಿತ್ತು ಅದನ್ನ," ಎಂದಳಾಕೆ.

ಬಯ್ಯಲು ನನಗೆ ಬಾಯಿ ಬರಲಿಲ್ಲ. ನನ್ನ ಪರೀಕ್ಷೆಯ ಹಾಲ್ ಟಿಕೆಟ್‌ಗಳನ್ನೆಲ್ಲ ಅವ್ವ ಇಡುತ್ತಿದ್ದದ್ದು ಜಗಲಿಯ ಮೇಲೆಯೇ. ಇದೆಲ್ಲ ಗೊತ್ತಿದ್ದೂ, ಅದು ಏನನ್ನು ಅಳೆಯುತ್ತದೆಂದು ಬಿಡಿಸಿ ಹೇಳದೆ, ಬರೀ ಜ್ವಾಕಿ ಎಂದು ಹೊರಟುಬಂದವಳು ನಾನು. ಈಗ ಕೂತು, ಎರಡು ಹೊತ್ತಿನ ದೀಪದ ಕಾವೂ ಲೆಕ್ಕಕ್ಕೆ ಸೇರಿದ್ದನ್ನು, ಓಣಿಯ ಉಳಿದ ಮನೆಗಳು ಇದೇ ಲೆಕ್ಕದ ಮೇಲೆ ಏಳುವುದನ್ನು ಹೇಳಿದೆ. ಆಕೆ ದೀಪವನ್ನೇ ನೋಡುತ್ತ, "ಹಂಗಂದ್ರ ನನ್ನಿಂದ ಓಣಿ ಮಂದಿಗೆಲ್ಲ ಕಾಯೋ ಮನಿ ಆಕ್ಕಿದ್ವೇನ್ರಿ?" ಎಂದು ಕೇಳಿದಳು.

"ನಿಮ್ಮಿಂದಲ್ರಿ ಅಕ್ಕಾರ, ನನ್ನಿಂದ," ಎಂದೆ.

ಇನ್ನೊಂದು ವಾರ ಬೇಕೆಂದಾಗ ಮೇಲಧಿಕಾರಿ ಕನ್ನಡಕ ತೆಗೆದಿಟ್ಟರು. "ತಡಾ ಆದ್ರ ಉತ್ತರ ಯಾರು ಕೊಡ್ತಾರ್ರಿ?"

"ನಾನ ಕೊಡ್ತೀನ್ರಿ."

ಮೊದಲ ವಾರದ ಅಳತೆ ನನ್ನ ತಪ್ಪಿನಿಂದ ಕೆಟ್ಟಿತೆಂದು ಬರೆದು ಸಹಿ ಹಾಕಿ, ಎರಡೂ ಮನೆಗಳಲ್ಲಿ ಹೊಸದಾಗಿ ಅಳೆದೆ. ಮಣ್ಣಿನ ಮನೆ ಮಧ್ಯಾಹ್ನವೆಲ್ಲ ತಂಪಾಗಿತ್ತು. ರಾತ್ರಿ ಮಾತ್ರ ನಾನು ಅಂದುಕೊಂಡಷ್ಟು ಬೇಗ ಅದರ ಕಾವು ಇಳಿಯಲಿಲ್ಲ. ಅದನ್ನೂ ಮುಚ್ಚಿಡದೆ ಬರೆದೆ. ಓಣಿಗೆ ಮಣ್ಣಿನ ಇಟ್ಟಿಗೆಯೇ ಎಂದು ತೀರ್ಮಾನವಾಯಿತು.

ಮಾಪಕ ಬಿಚ್ಚಿಕೊಳ್ಳಲು ಹೋದಾಗ ಅದು ಮೊಳೆಯಲ್ಲೇ ಇತ್ತು, ಒಂದು ಚುಕ್ಕೆ ವಿಭೂತಿಯಿಲ್ಲದೆ. ವಿಭೂತಿಯನ್ನು ಆಕೆ ಮೊಳೆಯ ಬುಡಕ್ಕೆ, ಗೋಡೆಗೆ ಹಚ್ಚಿದ್ದಳು.