ದಡದಲ್ಲಿ ಉಳಿಯಬೇಕಾದವರು

ನಮ್ಮ ಲೈನಿನ ನಲ್ಲಿಗೆ ನೀರು ಬರುತ್ತಿದ್ದುದು ಬೇತಮಂಗಲದ ಕೆರೆಯಿಂದ. ಉರಿಗಾಂನ ಆ ಚಿನ್ನದ ಗಣಿ ಕಾರ್ಮಿಕರ ಮನೆಸಾಲಿಗೆಲ್ಲ ಇದ್ದುದು ಒಂದೇ ನಲ್ಲಿ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಅದು ಕೆಮ್ಮುತ್ತ ನೀರು ಕೊಡುತ್ತಿತ್ತು. ಅಧಿಕಾರಿಗಳ ಬಂಗಲೆಗಳ ಹುಲ್ಲುಹಾಸಿಗೆ ಮಾತ್ರ ಅದೇ ಕೆರೆಯ ನೀರು ಸುಡುಮಧ್ಯಾಹ್ನದಲ್ಲಿಯೂ ಹರಿಯುತ್ತಿತ್ತು. ಇದು ಅನ್ಯಾಯವೆಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಭಾನುವಾರಗಳಲ್ಲಿ ಆ ಕೆರೆಯ ಮೇಲೆ ಅಧಿಕಾರಿಗಳ ಬಿಳಿ ಹಾಯಿಯ ದೋಣಿಗಳು ಆಡುತ್ತಿದ್ದವು. ವಾರವೆಲ್ಲ ನೆಲದಡಿಯಲ್ಲಿ ಬಂಡೆ ಕೊರೆದವರು ಏರಿಯ ಮೇಲೆ ಬುತ್ತಿ ಬಿಚ್ಚಿ ಕುಳಿತು, ಅವನ್ನು ನೋಡಿ ಹಿಂದಿರುಗುತ್ತಿದ್ದರು. ಅದೂ ಅನ್ಯಾಯವೇ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಗಣಿಗಳು ಸರ್ಕಾರದ ಕೈಗೆ ಬಂದಿದ್ದರೂ ಬಂಗಲೆ ಬಂಗಲೆಯಾಗಿಯೇ, ಲೈನು ಲೈನಾಗಿಯೇ ಉಳಿದಿದ್ದವು. ನಾನು ಬೆಂಗಳೂರಿನ ಒಂದು ವಸತಿ ಶಾಲೆಯಲ್ಲಿ ಓದಿ ಬಂದವಳು. ಅಲ್ಲಿ ಹುಡುಗಿಯರು ಗುದ್ದಲಿ ಹಿಡಿಯುತ್ತಿದ್ದರು, ಹುಡುಗರು ಪಾತ್ರೆ ತೊಳೆಯುತ್ತಿದ್ದರು, ಕಾರಣ ಕೇಳದೆ ಯಾವ ಕಟ್ಟಳೆಯನ್ನೂ ಒಪ್ಪಬಾರದೆಂದು ಗುರುಗಳು ಕಲಿಸುತ್ತಿದ್ದರು. ಬಂಗಾರಪೇಟೆಯ ಶಾಲೆಯೊಂದರಲ್ಲಿ ಪಾಠ ಹೇಳಲು ಸೇರಿ, ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದ ಆ ದಿನಗಳಲ್ಲಿ ಮನೆಯಲ್ಲಿ ಒಂದು ಮಾತೆತ್ತಿದೆ. ಅಪ್ಪ, ಅಮ್ಮ, ನಾನು, ಮೂವರೂ ಒಮ್ಮೆ ಆ ಕೆರೆಯ ನೀರಿನ ಮೇಲೆ ಹೋಗಿ ಬರಬೇಕು. ಹಾಯಿದೋಣಿ ನಮಗೆ ಸಿಗದು. ಬೆಸ್ತರ ಹರಿಗೋಲು ಸಿಕ್ಕೀತು.

ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಗೆ ಇಳಿಯುತ್ತಿದ್ದವರು. ಕಂಬಳಿಯ ಮೇಲೆ ಕಾಲು ಚಾಚಿ ಕುಳಿತಿದ್ದವರು ನಕ್ಕರು.

"ಎಲ್ರೂ ನನ್ನ ಕೆಳಗಡೀಕೇ ಕರ್ಕೊಂಡೋಗೋರು. ಇವ್ಳೊಬ್ಳು ಮೇಲ್ಗಡೆ ತೇಲಿಸ್ತೀನಿ ಅಂತಾಳೆ. ಓಗಾನ ನಡಿ."

ಮುಂದಿನ ಭಾನುವಾರ ಅವರು ಬಸ್ಸು ಹತ್ತಿ ಬೇತಮಂಗಲಕ್ಕೆ ಹೋಗಿ, ಒಬ್ಬ ಬೆಸ್ತನನ್ನು ಕಂಡು ಮಾತಾಡಿ ಬಂದರು. ಅವರು ತಂದ ಒಂದೊಂದು ಸುದ್ದಿಯೂ ನನ್ನ ಉತ್ಸಾಹದೊಳಗೆ ಒಂದೊಂದು ತೂತು ಕೊರೆಯಿತು. ಕೆರೆ ಸಂತೆಯ ಹಾಗಿರುತ್ತದಂತೆ. ಬೆಳಿಗ್ಗೆ ಬಲೆ ಎಳೆಯುವ ಹರಿಗೋಲುಗಳು, ಆಮೇಲೆ ಹಾಯಿದೋಣಿಗಳು, ದಡದುದ್ದಕ್ಕೂ ಎಮ್ಮೆಗಳು, ಅಗಸರ ಬಂಡೆಗಳು. ನೀರೆತ್ತುವ ಪಂಪಿನ ಮನೆಯ ಕಡೆಗಂತೂ ಹೋಗಲೇಬಾರದಂತೆ. ಅಲ್ಲಿ ನೀರು ಮೇಲೆ ಸುಮ್ಮನಿದ್ದರೂ ಅಡಿಯಲ್ಲಿ ಎಳೆಯುತ್ತದಂತೆ. ಆ ಎಳೆತದ ತುದಿಯಲ್ಲಿ ಇದ್ದುದು ನಮ್ಮ ನಲ್ಲಿಯೇ.

ನನಗೆ ಈಜು ಬರುತ್ತಿರಲಿಲ್ಲ. ಅಮ್ಮನಿಗೂ ಬಾರದು. ನಮ್ಮ ಕಡೆಯ ಹಳ್ಳಿಗಳಲ್ಲಿ ಗಂಡುಮಕ್ಕಳನ್ನು ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗಿಳಿಸಿ ಈಜು ಕಲಿಸುತ್ತಾರೆ. ಹೆಣ್ಣುಮಕ್ಕಳ ಕೈಗೆ ಅದೇ ಹಗ್ಗ ಕೊಟ್ಟು ನೀರು ಸೇದಿಸುತ್ತಾರೆ. ಬಾವಿಗೆ ಬಿದ್ದು ಸತ್ತ ಹೆಂಗಸಿನ ಕತೆ ಊರಿಗೊಂದು ಇದ್ದೂ, ಹೆಣ್ಣಿಗೆ ಈಜು ಬೇಕೆಂದು ಯಾರಿಗೂ ತೋಚಿಲ್ಲವೆಂದರೆ ಅದನ್ನು ಮರೆವು ಎಂದು ನಾನು ಕರೆಯಲಾರೆ.

ಸುದ್ದಿ ಲೈನಿಗೆಲ್ಲ ಹರಡಿತು. ನಲ್ಲಿಯ ಬಳಿ ಎದುರುಮನೆಯಾಕೆ ಅಮ್ಮನನ್ನು ತಡೆದಳು.

"ಅಲ್ಲಾ, ಸತ್ತ ದನದ ಚರ್ಮ ಒದ್ಸಿರೋ ಬುಟ್ಟೀಲಿ ಕೂತ್ಕೊಂಡು ಓಗ್ತೀರಂತಲ್ಲ! ಮಡಿ ಮೈಲಿಗೆ ಏನೂ ಇಲ್ವೇನಕ್ಕಾ?"

"ನಿಮ್ಮೆಜಮಾನ್ರು ದಿನಾ ಬೂಟ್ಸು ಆಕ್ಕೊಂಡೋಗ್ತಾರಲ್ಲ, ಅದೇನು ಬಾಳೆ ಪಟ್ಟೇಲಿ ಒಲ್ದಿರಾದಾ?" ಎಂದು ಅಮ್ಮ ಕೊಡ ಎತ್ತಿಕೊಂಡಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಮ್ಮ ಬರುವುದು ಖಂಡಿತ ಎಂದು ನಾನು ಅಂದುಕೊಂಡೆ.

ಹೊರಡುವುದಕ್ಕೆ ಕೆಲವೇ ದಿನ ಉಳಿದಿರುವಾಗ, ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ಊರಲ್ಲಿ ನೆಲ ನಡುಗಿತು. ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದನ್ನು ನಮ್ಮಲ್ಲಿ ಏರ್ ಬ್ಲಾಸ್ಟ್ ಎನ್ನುತ್ತಾರೆ. ಮೇಲೆ ನಮಗೆ ಗೊತ್ತಾಗುವುದು ಇಷ್ಟೇ: ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗುತ್ತವೆ, ಗೋಡೆಯ ಸುಣ್ಣ ಉದುರುತ್ತದೆ. ಅಂದು ಅಪ್ಪ ಕೆಳಗಿದ್ದರು. ಅಮ್ಮ ಒಲೆಯ ಮೇಲಿನ ಅನ್ನವನ್ನು ಇಳಿಸಿ, ಬೆಂಕಿಗೆ ನೀರು ಚಿಮುಕಿಸಿ, ಚಪ್ಪಲಿಯಿಲ್ಲದೆ ಗಣಿಯ ಬಾಯಿಗೆ, ಶಾಫ್ಟಿನ ಕಡೆಗೆ ನಡೆದಳು. ಲೈನಿನ ಹೆಂಗಸರೆಲ್ಲ ನಡೆದರು. ಸಂಜೆ ಅಮ್ಮ ಅಪ್ಪನ ಜೊತೆಗೇ ಹಿಂದಿರುಗಿದಳು. ಸಿಡಿದದ್ದು ಬೇರೆ ಕಡೆಯ ಬಂಡೆ. ಯಾರಿಗೂ ಏನೂ ಆಗಿರಲಿಲ್ಲ.

ಊಟಕ್ಕೆ ಕುಳಿತಾಗ ಅಮ್ಮ ಹೇಳಿದಳು. "ತೆಪ್ಪದಾಗೆ ಮೂರೂ ಜನ ಓಗೋದು ಬ್ಯಾಡ. ನೀವಿಬ್ರೂ ಓಗ್ಬನ್ನಿ. ನಾನು ದಡದಾಗೆ ಕೂತಿರ್ತೀನಿ."

"ಯಾಕಮ್ಮ?"

"ಯಾರಾನಾ ಒಬ್ರು ಇರ್ಬೇಕಲ್ಲ."

"ಏನು ಮಾಡೋಕೆ?"

"ಕಾಯಕ್ಕೆ."

ಈ ಮಾತಿನ ಬೇರು ಅಪ್ಪನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದೇ ಮನೆಯ ಇಬ್ಬರು ಗಣಿಯೊಳಕ್ಕೆ ಇಳಿಸುವ ಕಬ್ಬಿಣದ ಪಂಜರದಲ್ಲಿ, ಒಂದೇ ಕೇಜಿನಲ್ಲಿ, ಒಟ್ಟಿಗೆ ಇಳಿಯಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅಪ್ಪನೂ ಚಿಕ್ಕಪ್ಪನೂ ಬೇರೆ ಬೇರೆ ಪಾಳಿಗಳಲ್ಲಿ ಇಳಿಯುತ್ತಿದ್ದರು. ಒಬ್ಬರು ಮೇಲೆ ಬಂದು ಮುಖ ತೋರಿಸಿದ ಮೇಲೆಯೇ ಇನ್ನೊಬ್ಬರ ಸರದಿ. ನಾನು ಚಿಕ್ಕವಳಿದ್ದಾಗ ಒಂದು ದಿನ ಚಿಕ್ಕಪ್ಪ ಮೇಲೆ ಬರಲಿಲ್ಲ. ಅಪ್ಪ ಉಳಿದರು. ಅಂದಿನಿಂದ ಆ ಕಟ್ಟಳೆ ಅಮ್ಮನಿಗೆ ದೇವರ ಮಾತಾಯಿತು. ನಾನು ಅದನ್ನು ಬೇರೆ ಹೆಸರಿನಿಂದ ಕರೆಯುತ್ತೇನೆ. ದುಡಿಯುವವನ ಜೀವವನ್ನು ಕಾಯಬೇಕಾದವರು ಕಾಯದಿದ್ದಾಗ, ಬಡವರು ತಮ್ಮವರನ್ನೇ ಎರಡು ಪಾಲು ಮಾಡಿ, ಒಂದು ಹೋದರೆ ಒಂದಿರಲಿ ಎಂದು ಇಟ್ಟುಕೊಳ್ಳುತ್ತಾರೆ. ಅದರಲ್ಲಿಯೂ ದಡದ ಪಾಲು ಯಾವಾಗಲೂ ಹೆಂಗಸಿನದೇ.

ಇಷ್ಟನ್ನೂ ನಾನು ಅಂದು ಜೋರಾಗಿಯೇ ಹೇಳಿದೆ. ಅಮ್ಮ ಸಾರು ಬಡಿಸುತ್ತ ಕೇಳಿದಳು.

"ಎಲ್ಲಾ ಸರಿ ಕಣಮ್ಮ. ಆದ್ರೂ ಒಬ್ರು ಇರ್ಬೇಕು."

"ಹಾಗಾದರೆ ನಾನಿರ್ತೀನಿ. ನೀನು ಅಪ್ಪನ ಜೊತೆ ಹೋಗು."

"ನೀನಾ?" ಅಮ್ಮ ಸೌಟು ಹಿಡಿದೇ ನಕ್ಕಳು. "ಅನ್ನ ಬೇಯೋತನ್ಕ ಕಾಯಾಕಾಗಲ್ಲ ನಿನ್ಕೈಲಿ."

ಅಪ್ಪ ಆಗ ಬಾಯಿ ತೆರೆದರು. "ಇರ್ಲಿ ಬಿಡೇ. ನಿನ್ ಕೆಲ್ಸಾನ ಒಂದ್ ದಿನ ಅವ್ಳು ಮಾಡ್ಲಿ. ನೀನು ಬಾ."

ಭಾನುವಾರ ಬೆಳಿಗ್ಗೆ ಅಮ್ಮ ಚಿತ್ರಾನ್ನ ಕಟ್ಟಿಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ಏರಿಯನ್ನು ಹತ್ತಿ ನಿಂತಾಗ ನನಗೆ ಮೊದಲು ಅನ್ನಿಸಿದ್ದು ಹಿಂದಿರುಗಬೇಕು ಎಂದು. ಅಷ್ಟು ನೀರು. ಅದರ ಮೇಲೆ ಅಷ್ಟೊಂದು ಓಡಾಟ. ಬೆಸ್ತ ಹರಿಗೋಲನ್ನು ದಡಕ್ಕೆ ಒತ್ತಿ ಹಿಡಿದ. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ಅಗಲವಾದ ಬುಟ್ಟಿ, ಅಷ್ಟೇ.

"ಮೂರು ಜನಕ್ಕೆ ಜಾಗ ಐತಲ್ಲಮ್ಮ, ನೀನೂ ಅತ್ತು," ಎಂದ ನನಗೆ.

"ಅವ್ಳು ಇರ್ತಾಳೆ," ಎಂದರು ಅಪ್ಪ.

ಬೆಸ್ತ ನಮ್ಮ ಮೂವರ ಮುಖವನ್ನೂ ನೋಡಿ, "ಗಣಿಯೋರು ನೀವು. ನಿಮ್ ಲೆಕ್ಕಾನೇ ಬ್ಯಾರೆ," ಎಂದು ಅಮ್ಮನ ಕೈ ಹಿಡಿದು ಹತ್ತಿಸಿಕೊಂಡ.

ಹರಿಗೋಲು ತಿರುಗುತ್ತ ತಿರುಗುತ್ತ ದೂರವಾಯಿತು. ಅಮ್ಮನ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಬೆನ್ನು. ಮೂರು ತಲೆಗಳು ಸಣ್ಣವಾದವು. ನಾನು ಮೂರನ್ನೂ ಎಣಿಸಿದೆ, ಮತ್ತೆ ಎಣಿಸಿದೆ. ಬಲೆಯ ಹರಿಗೋಲೊಂದು ಅಡ್ಡ ಬಂದಾಗ ಅವು ಮರೆಯಾದವು. ಅದು ಸರಿದ ಮೇಲೆ ಇನ್ನೊಮ್ಮೆ ಎಣಿಸಿದೆ. ಕೆರೆಯ ಮೇಲೆ ಯಾರ ಹಕ್ಕು ಎಂಬ ನನ್ನ ಮಾತುಗಳಲ್ಲಿ ಒಂದೂ ಆಗ ನೆನಪಿಗೆ ಬರಲಿಲ್ಲ. ಏನಾದರೂ ಆದರೆ ಯಾರನ್ನು ಕೂಗಬೇಕು, ಏನೆಂದು ಕೂಗಬೇಕು, ಮನೆಗೆ ಹೋಗಿ ಬೀಗ ತೆಗೆಯುವುದು ಹೇಗೆ, ಇವೇ ತಲೆಯಲ್ಲಿ ಸುತ್ತಿದವು. ಬಟ್ಟೆ ಒಗೆಯುತ್ತಿದ್ದವರು ಒಗೆಯುತ್ತಲೇ ಇದ್ದರು. ಎಮ್ಮೆಗಳು ಮೈಮರೆತು ನಿಂತಿದ್ದವು. ಕಾಯುವವಳ ಸುತ್ತ ಲೋಕ ಇಷ್ಟು ಸಹಜವಾಗಿ ಇರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಆಗ ಒಂದು ಹಾಯಿದೋಣಿ ಅವರ ಪಕ್ಕದಲ್ಲಿಯೇ ಬೀಸಿ ಹೋಯಿತು. ಸಣ್ಣ ಹರಿಗೋಲಿನತ್ತ ಅದರಲ್ಲಿದ್ದವರು ತಿರುಗಿಯೂ ನೋಡಲಿಲ್ಲ. ನೀರು ಉಬ್ಬಿತು, ಹರಿಗೋಲು ವಾಲಿತು. ನೋಡುತ್ತಿರುವಂತೆಯೇ ಅಪ್ಪ ಎದ್ದು ನಿಂತರು.

ಏಕೆ ನಿಂತರೆಂದು ನನಗೆ ದಡದಿಂದಲೇ ತಿಳಿಯಿತು. ಗಂಟೆ ಹೊಡೆದರೆ ಇಳಿಯುವ ಕೇಜಿನಲ್ಲಿ ಯಾರೂ ಕೂರುವುದಿಲ್ಲ. ಅದು ಅಲುಗಿದರೆ ನೆಟ್ಟಗೆ ನಿಂತು, ಪಕ್ಕದವನಿಗೆ ಭುಜ ಒತ್ತಿ, ಕೈಗಳನ್ನು ಮೈಗೆ ಸೇರಿಸಿಕೊಳ್ಳಬೇಕು. ಜೀವಮಾನವೆಲ್ಲ ಅವರ ಮೈ ಕಲಿತದ್ದು ಅದೊಂದೇ. ನೀರಿನ ನಡುವೆ ಅವರು ಹಾಗೆಯೇ ನಿಂತಿದ್ದರು. ಹರಿಗೋಲಿನ ಒಂದು ಅಂಚು ಮೇಲೆದ್ದಿತು. ನಾನು ಕೂಗಿದೆ.

ಅಮ್ಮ ಎರಡೂ ಕೈಗಳಿಂದ ಅವರ ಪಂಚೆಯನ್ನು ಹಿಡಿದು ಎಳೆದು ಕೂರಿಸಿದಳು. ಅಂಚು ನಿಧಾನವಾಗಿ ಇಳಿಯಿತು.

ಅವರು ದಡ ಮುಟ್ಟಿದಾಗ ಅಮ್ಮನ ಮಡಿಲೆಲ್ಲ ಒದ್ದೆ, ಕಣ್ಣಲ್ಲಿ ನೀರು ಬರುವಷ್ಟು ನಗು. "ನೋಡೇ ನಿಮ್ಮಪ್ಪನ್ನ! ತೆಪ್ಪಾನ ಕೇಜು ಅನ್ಕೊಂಡವ್ರೆ. ಗಂಟೆ ಒಡ್ಯೋದೊಂದು ಬಾಕಿ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಹರಿಗೋಲಿನಿಂದಲೇ ಕೈ ಚಾಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

ಅಪ್ಪ ನಾಚಿಕೆಯಿಂದ ಪಂಚೆ ಹಿಂಡುತ್ತ, "ಈಗ ನೀನು ಅತ್ತಮ್ಮ. ಅಮ್ಮ ಇಳೀತಾಳೆ," ಎಂದರು.

"ನಾನು ಇಳ್ಯಲ್ಲ," ಎಂದಳು ಅಮ್ಮ.

"ಮತ್ತೆ ದಡದಾಗೆ ಯಾರು?"

"ನೀವು."

ಬೆಸ್ತ ಹುಟ್ಟನ್ನು ನೀರಿನಲ್ಲಿಯೇ ಹಿಡಿದು ಅಪ್ಪನ ಮುಖ ನೋಡಿದ. ಅಪ್ಪ ಹರಿಗೋಲಿನ ಅಂಚು ಹಿಡಿದು ಇಳಿದರು. ನಾನು ಹತ್ತಿ ಅಮ್ಮನ ಎದುರು ಕುಳಿತೆ. ಹರಿಗೋಲು ತಿರುಗಿದಾಗಲೆಲ್ಲ ದಡ ಕಾಣುತ್ತಿತ್ತು. ಅಷ್ಟು ವರ್ಷ ಪ್ರತಿದಿನವೂ ನೆಲದೊಳಕ್ಕೆ ಇಳಿದು ಬಂದ ಆ ಮನುಷ್ಯ ಮೊಣಕಾಲುದ್ದದ ನೀರಿಗೆ ಬಂದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಿದ್ದರು.

"ಬೇಗ ದಡಕ್ಕೆ ತಿರುಗ್ಸಿ ಅನ್ನಮ್ಮ ಅವರಿಗೆ," ಎಂದೆ. "ಅಪ್ಪ ಹೆದರಿದ್ದಾರೆ."

ಅಮ್ಮ ನೀರಿನಲ್ಲಿ ಬೆರಳು ಇಳಿಬಿಟ್ಟು ದಡದ ಕಡೆಗೇ ನೋಡುತ್ತಿದ್ದಳು.

"ಇನ್ನೊಂದ್ ಸುತ್ತು ಓಗಾನ," ಎಂದಳು ಬೆಸ್ತನಿಗೆ.