ಕೇಳದೆ ಉಜ್ಜಿದ ಕಲ್ಲು

ನನ್ನ ಶಿಷ್ಯರಲ್ಲಿ ಸಿಟ್ಟಿನವರು ಅನೇಕರಿದ್ದರು. ತಮಗಾದ ಅನ್ಯಾಯಕ್ಕೆ ಸಿಟ್ಟಾಗುವವರೇ ಹೆಚ್ಚು. ಕಾಪುವಿನ ಮಮ್ಮು ಹಾಗಲ್ಲ. ಅವನು ಏಳನೆಯ ತರಗತಿಯಲ್ಲಿದ್ದಾಗ ಒಮ್ಮೆ, ಕರಿಹಲಗೆಯಲ್ಲಿ ನಾನು ಬರೆದಿದ್ದುದನ್ನು ಒರೆಸುವಂತೆ ಮುಂದಿನ ಬೆಂಚಿನ ಹುಡುಗನಿಗೆ ಹೇಳಿದೆ. ಮಮ್ಮು ಎದ್ದು ನಿಂತು, "ಒರೆಸಬೇಡ! ಹಿಂದಿನವರದ್ದು ಬರೆದು ಆಗಲಿಲ್ಲ!" ಎಂದು ಕೂಗಿದ. ಅವನದು ಬರೆದಾಗಿತ್ತು. ತರಗತಿಯಲ್ಲಿ ಕೂಗಿದ್ದಕ್ಕೆ ನಾನು ಅವನ ಕಿವಿ ಹಿಂಡಿದೆ. ಐವತ್ತು ವರ್ಷಗಳಾದವು. ಅಂದು ಆ ಕಿವಿಯನ್ನು ಹಿಂಡಬಾರದಿತ್ತು.

ಮಮ್ಮು ಸೌದಿಯಲ್ಲಿ ಇಪ್ಪತ್ತಾರು ವರ್ಷ ಜೀಪು ಓಡಿಸಿದ. ಅವನ ಜೀಪಿನಲ್ಲಿ ಮರಳುಗಾಡು ಸುತ್ತುತ್ತಿದ್ದವರು ಒಬ್ಬ ಭೂವಿಜ್ಞಾನಿ. ಬಿಳಿಯ ಮರಳಿನ ಮೇಲೆ ಒಂಟಿಯಾಗಿ ಬಿದ್ದಿರುವ ಕಪ್ಪು ಕಲ್ಲು ಕಂಡರೆ ಜೀಪು ನಿಲ್ಲಿಸಬೇಕೆಂದೂ, ಅದು ಆಕಾಶದಿಂದ ಬಿದ್ದ ಉಲ್ಕೆಯ ಕಲ್ಲಾಗಿರಬಹುದೆಂದೂ ಅವರು ಇವನಿಗೆ ಕಲಿಸಿದರು. ನಿವೃತ್ತರಾಗಿ ತಮ್ಮ ಊರಿಗೆ ಹೊರಟಾಗ ಒಂದು ದಾನಪತ್ರ ಬರೆದು, ಜತೆಗೆ ಏಳು ಕಲ್ಲುಗಳನ್ನು ಮಮ್ಮುವಿಗೆ ಕೊಟ್ಟರು. ಏಳರಲ್ಲಿ ದೊಡ್ಡದನ್ನು ಮೊದಲು ಕಂಡವನು ಮಮ್ಮುವೇ. ಮೂತ್ರಕ್ಕೆಂದು ಜೀಪು ನಿಲ್ಲಿಸಿದಾಗ ಕಂಡದ್ದು. ಅದನ್ನು ಯಾರ ಮುಂದೆ ಹೇಳುವಾಗಲೂ ಅವನು ಈ ಮಾತನ್ನು ಬಿಡುವುದಿಲ್ಲ.

ಆ ಕಲ್ಲು ಸುಲಿದ ತೆಂಗಿನಕಾಯಿಯಷ್ಟು ದೊಡ್ಡದು. ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಎಷ್ಟೋ ಸಾವಿರ ವರ್ಷ ಮರಳಿನಲ್ಲಿ ಬಿದ್ದಿದ್ದರಿಂದ ಮೈಯೆಲ್ಲ ತುಕ್ಕು, ಅದರ ಮೇಲೆ ಸುಣ್ಣದಂತೆ ಗಟ್ಟಿಯಾಗಿ ಹಿಡಿದ ಬಿಳಿ ಪದರ. ಮಮ್ಮುವಿಗೆ ಬೇಕಾಗಿದ್ದುದು ಅದರ ಅಡಿಯಲ್ಲಿದ್ದ ಕಪ್ಪು ಸಿಪ್ಪೆ. ಆಕಾಶದಿಂದ ಬೀಳುವಾಗ ಕಲ್ಲಿನ ಹೊರಮೈ ಕರಗಿ, ಮತ್ತೆ ಆರಿ, ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಿನ ಸಿಪ್ಪೆಯಾಗುತ್ತದೆ. ಕರಗಿದ್ದು ಹರಿದ ಗೆರೆಗಳೂ ಅದರಲ್ಲಿ ಉಳಿಯುತ್ತವೆ. ಕಲ್ಲು ಯಾವ ಮುಖ ಮುಂದೆ ಮಾಡಿ ಬಂತೆಂಬುದು ಆ ಗೆರೆಗಳಿಂದಲೇ ತಿಳಿಯುವುದು. ಸಿಪ್ಪೆ ಹೋದರೆ ಹೋಯಿತು. ಅದನ್ನು ಮತ್ತೆ ಮಾಡಿಕೊಡಲು ಲೋಕದಲ್ಲಿ ಯಾರಿಂದಲೂ ಆಗದು.

ಊರಿಗೆ ಮರಳಿದ ಮೇಲೆ ಐದು ವರ್ಷ ಅವನು ಆ ಕಲ್ಲಿನ ಮುಂದೆ ಕುಳಿತ. ದಿನವೂ ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ, ಕಡಲ ಗಾಳಿ ಬಾರದಂತೆ ಕಿಟಕಿ ಮುಚ್ಚಿ, ಕೈಗೆ ಹತ್ತಿಯ ಗವಸು ಹಾಕಿಕೊಂಡು ಕೂರುವನು. ಮಣಿಪಾಲದಲ್ಲಿ ಹಲ್ಲಿನ ವೈದ್ಯೆಯಾಗಿರುವ ನನ್ನ ಇನ್ನೊಬ್ಬ ಶಿಷ್ಯೆ ಪ್ರಣೀತಾ, ಹಲ್ಲು ಕೆರೆಯುವ ಕೊಕ್ಕೆಗಳು ಮೊಂಡಾದಾಗ ಅವನಿಗಾಗಿ ತೆಗೆದಿಡುತ್ತಿದ್ದಳು. ಆ ಕೊಕ್ಕೆಯಿಂದ ಬಿಳಿ ಪದರವನ್ನು ಚೂರುಚೂರಾಗಿ ಎಬ್ಬಿಸುವುದು. ಸ್ಪಿರಿಟ್‌ನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತುಕ್ಕನ್ನು ಮೆಲ್ಲಗೆ ತಿಕ್ಕುವುದು. ಕಪ್ಪು ಕಂಡೊಡನೆ ಕೈ ಹಿಂದೆಗೆಯುವುದು. ವಾರಕ್ಕೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಬಿಡಿಸಿದರೆ ಅದೇ ಹೆಚ್ಚು. ಕಲ್ಲಿನ ಒಳಗೆ ಕಬ್ಬಿಣದ ಚೂರುಗಳಿರುವುದರಿಂದ ನೀರು ಮಾತ್ರ ತಾಗಬಾರದು. ಮಳೆಗಾಲದ ನಾಲ್ಕು ತಿಂಗಳು ಕೆಲಸವೇ ಇಲ್ಲ. ಕಲ್ಲು ಬಿಗಿ ಮುಚ್ಚಳದ ಡಬ್ಬಿಯೊಳಗೆ. ಹೊಸ ಶೂಗಳ ಪೆಟ್ಟಿಗೆಯಲ್ಲಿ ತೇವ ಹೀರುವ ಮಣಿಗಳ ಪೊಟ್ಟಣ ಬರುತ್ತದಲ್ಲ, ಅದನ್ನು ಉಡುಪಿಯ ಚಪ್ಪಲಿ ಅಂಗಡಿಗಳಿಂದ ಕೇಳಿ ತಂದು, ಮಣಿಗಳನ್ನು ಕಾವಲಿಯಲ್ಲಿ ಬಿಸಿ ಮಾಡಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಆ ಡಬ್ಬಿಯೊಳಗೆ ಇಡುತ್ತಿದ್ದ.

"ರೊಟ್ಟಿ ಸುಡುವ ಕಾವಲಿ ಮಾಸ್ಟ್ರೇ ಅದು," ಎಂದು ಅವನ ಹೆಂಡತಿ ಜುಬೈದಾ ನನ್ನಲ್ಲಿ ದೂರು ಹೇಳುತ್ತಿದ್ದಳು. "ಬೇರೆಯವರ ಗಂಡಂದಿರು ಗಲ್ಫಿಂದ ಚಿನ್ನ ತಂದ್ರು. ಇವ್ರು ಕಲ್ಲು ತಂದ್ರು. ಅದೂ ದಿನಾ ಹಲ್ಲುಜ್ಜಿಸಬೇಕಾದ ಕಲ್ಲು!"

"ಚಿನ್ನ ಭೂಮಿಯಲ್ಲೇ ಸಿಗ್ತದೆ ಮಾರಾಯ್ತಿ," ಎನ್ನುವನು ಮಮ್ಮು, ತಲೆಯೆತ್ತದೆ.

ಐದು ವರ್ಷಗಳಲ್ಲಿ ಕಲ್ಲಿನ ಒಂದು ಬದಿ ಪೂರ್ತಿ ತೆರೆದುಕೊಂಡಿತು. ಮಸಿಗಪ್ಪು ಮೈ, ನಡುವಿನಿಂದ ಅಂಚಿನ ಕಡೆಗೆ ಕೂದಲೆಳೆಯಂಥ ಗೆರೆಗಳು. ಅಂದು ಅವನು ನನ್ನನ್ನು ಕರೆಸಿ, ಭೂತಗನ್ನಡಿ ಕೈಗೆ ಕೊಟ್ಟು, ನಾನು ನೋಡಿ ಮುಗಿಸುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದ. ಇನ್ನೊಂದು ಬದಿ ಇನ್ನೂ ಅರ್ಧ ಸುಣ್ಣದಡಿಯಲ್ಲೇ ಇತ್ತು.

ಈ ಸುದ್ದಿ ಹೇಗೋ ಮಣಿಪಾಲದ ಒಂದು ವಿಜ್ಞಾನ ಬಳಗಕ್ಕೆ ತಲುಪಿತು. ಬಳಗದ ಕಾರ್ಯದರ್ಶಿ ಜಿತೇಶ್, ನಯವಾದ ಮಾತಿನ ತರುಣ, ಕಾಪುವಿಗೆ ಬಂದು ಪ್ರದರ್ಶನಕ್ಕೆ ಕಲ್ಲನ್ನು ಕೇಳಿದ. ಮಮ್ಮು ಮೂರು ಮಾತು ಹೇಳಿದ: ಬರಿಗೈಯಲ್ಲಿ ಮುಟ್ಟಬಾರದು, ನೀರು ತಾಗಿಸಬಾರದು, ಪ್ರದರ್ಶನದ ದಿನದವರೆಗೆ ಡಬ್ಬಿ ತೆರೆಯಬಾರದು. ನಾನು ಅಲ್ಲೇ ಕುಳಿತಿದ್ದೆ.

"ಆಯ್ತು ಮಮ್ಮುಕಾ, ನಿಮ್ಮ ಕಲ್ಲು ನಮ್ಮ ಕಲ್ಲಿದ್ದ ಹಾಗೆ," ಎಂದ ಜಿತೇಶ್. ಆಮಂತ್ರಣ ಪತ್ರದ ಮೇಲೆ ಕಲ್ಲಿನ ಚಿತ್ರವನ್ನೇ ಅಚ್ಚು ಹಾಕಿಸಿದ. ಸೋಮವಾರ ಬಂದು ಡಬ್ಬಿ ಒಯ್ದ. ಪ್ರದರ್ಶನ ಶನಿವಾರಕ್ಕೆ.

ಬುಧವಾರ ಬೆಳಗ್ಗೆ ಮಮ್ಮುವಿನ ಹಳೆಯ ವ್ಯಾನು ನನ್ನ ಗೇಟಿನ ಮುಂದೆ ನಿಂತಿತು. ಅವನ ಮುಖ ನೋಡಿ ನಾನು ಅರ್ಧ ಕುಡಿದ ಚಹಾ ಕೆಳಗಿಟ್ಟೆ.

"ಹತ್ತಿ ಮಾಸ್ಟ್ರೇ. ಕಾರ್ಕಳಕ್ಕೆ ಹೋಗ್ಲಿಕ್ಕುಂಟು. ನೀವು ಬರದಿದ್ರೆ ನಾನು ಇವತ್ತು ಯಾರಿಗಾದ್ರೂ ಹೊಡೀತೇನೆ."

"ಎಂತಾಯ್ತು ಮಮ್ಮು?"

"ನನ್ನ ಕಲ್ಲು ಈಗ ವಿಗ್ರಹ ಕೆತ್ತುವವರ ಶೆಡ್ಡಿನಲ್ಲಿ ಉಂಟಂತೆ. ಪಾಲಿಶ್ ಮಾಡ್ಲಿಕ್ಕೆ ಕೊಟ್ಟಿದ್ದಾರೆ. ಆ ಶಿಲ್ಪಿ ಫೋನ್ ಮಾಡಿದ್ರು."

ಶಿರ್ವದವರೆಗೆ ಅವನು ವ್ಯಾನನ್ನು ಎಲ್ಲೂ ನಿಲ್ಲಿಸಲಿಲ್ಲ. ಅಲ್ಲಿ ಒಂದು ಮೆಡಿಕಲ್ ಶಾಪಿನ ಮುಂದೆ ನಿಲ್ಲಿಸಿ, ಇದ್ದಷ್ಟೂ ಸ್ಪಿರಿಟ್ ಬಾಟಲಿಗಳನ್ನು ಕೊಡಲು ಹೇಳಿದ. ಅಂಗಡಿಯ ಆಂಜೆಲಾ ಬಾಯಿ ಗಾಬರಿಯಾದರು. "ಯಾರಿಗೆ ಸಾಹೇಬ್ರೇ ಅಷ್ಟು ದೊಡ್ಡ ಗಾಯ?"

"ಕಲ್ಲಿಗೆ," ಎಂದು ಮಮ್ಮು ಬಾಟಲಿಗಳನ್ನು ಎದೆಗವಚಿಕೊಂಡು ಬಂದ.

ಕಾರ್ಕಳದ ಆ ಶೆಡ್ಡಿನ ಶಿಲ್ಪಿ ಕರುಣಾಕರ ಆಚಾರ್ಯರು. ಅರವತ್ತರ ಆಸುಪಾಸಿನವರು, ತಲೆಯಿಂದ ಪಾದದವರೆಗೆ ಕಲ್ಲಿನ ಧೂಳು. ಅವರು ಗೋಣಿಯ ಮೇಲಿದ್ದ ಕಲ್ಲನ್ನು ತೋರಿಸಿದರು. ಮಮ್ಮು ಸುಣ್ಣ ಬಿಡಿಸಿದ್ದ ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕಪ್ಪಿಲ್ಲ, ಗೆರೆಗಳಿಲ್ಲ. ಬೂದು ಬಣ್ಣದ ಮೈಯಲ್ಲಿ ಸಾಸಿವೆ ಚೆಲ್ಲಿದಂತೆ ಬೆಳ್ಳಿಯ ಬಣ್ಣದ ಚುಕ್ಕೆಗಳು. ಗೋಣಿ ಇನ್ನೂ ಒದ್ದೆಯಾಗಿತ್ತು.

ಮಮ್ಮು ಬಗ್ಗಿ ನೋಡಿದ. "ಎಷ್ಟು ಹೊತ್ತು ಹಿಡೀತು?"

"ಮುಕ್ಕಾಲು ಗಂಟೆ."

"ಹತ್ತಿರ ಹತ್ತಿರ ಐದು ವರ್ಷ ನನಗೆ," ಎಂದ ಮಮ್ಮು. "ಕೈಯಲ್ಲಿ ಮೆಶಿನ್ ಉಂಟು ಅಂತ ಕಂಡದ್ದನ್ನೆಲ್ಲ ಉಜ್ಜುದಾ? ಫೋನ್ ಮಾಡಿದ್ರಲ್ಲ, ಒಂದು ಗಂಟೆ ಮೊದಲು ಮಾಡ್ಲಿಕ್ಕೆ ಬೆರಳು ಇರ್ಲಿಲ್ವಾ?"

ಆಚಾರ್ಯರು ತಲೆ ತಗ್ಗಿಸಲಿಲ್ಲ. "ಕೇಳಬೇಕಿತ್ತು. ತಂದವರೇ ಯಜಮಾನರು ಅಂತ ತಿಳಿದೆ, ಅದು ನನ್ನ ತಪ್ಪು. ನಮ್ಮ ಕಲ್ಲು ಉಳಿಯಿಂದ ಬರುವಾಗ ಬೂದಿಯ ಹಾಗೆ ಇರ್ತದೆ ಸಾಹೇಬ್ರೇ. ನೀರು ಹಾಕಿ ಉಜ್ಜಿದ್ರೇ ಅದಕ್ಕೆ ಕಪ್ಪು ಬರುದು. ನಲವತ್ತು ವರ್ಷದಿಂದ ನನ್ನ ಕೈಗೆ ಅಷ್ಟೇ ಗೊತ್ತು. ಇದಕ್ಕೆ ಉಜ್ಜಿದ್ರೆ ಕಪ್ಪು ಹೋಯ್ತು. ಒಳಗಿಂದ ಬೆಳ್ಳಿ ಕಂಡಾಗ ನನಗೆ ಹೆದರಿಕೆಯಾಯ್ತು, ಮೆಶಿನ್ ನಿಲ್ಲಿಸಿದೆ. ತಂದವರಿಗೆ ಫೋನ್ ಮಾಡಿದ್ರೆ, ಚಂದ ಆಯ್ತಲ್ಲ, ಆಚೆ ಬದಿಯನ್ನೂ ಹಾಗೇ ಮಾಡಿ ಅಂದ್ರು. ಆಗ ಕೇಳಿದೆ, ಕಲ್ಲು ಯಾರದ್ದು ಅಂತ. ನಿಮ್ಮ ನಂಬರೂ ತಗೊಂಡೆ."

ಮಮ್ಮು ಕೈ ಎತ್ತಲಿಲ್ಲ. ಕ್ಷಮಿಸಲೂ ಇಲ್ಲ. "ಒಂದು ಪಾತ್ರೆ ಕೊಡಿ," ಎಂದ. ಆಚಾರ್ಯರ ಹೆಂಡತಿ ಬೇಬಿ ಸ್ಟೀಲಿನ ಪಾತ್ರೆ ತಂದರು. ಅದರಲ್ಲಿ ಕಲ್ಲನ್ನಿಟ್ಟು, ಒಳಗಿಳಿದ ನೀರನ್ನು ಎಳೆದು ತೆಗೆಯಲು ಬಾಟಲಿಯ ಮೇಲೆ ಬಾಟಲಿ ಸ್ಪಿರಿಟ್ ಸುರಿದ. ನೀರು ಹಾಗೆಯೇ ಉಳಿದರೆ ನಮ್ಮ ಕರಾವಳಿಯ ಗಾಳಿಗೆ ಒಳಗಿನ ಕಬ್ಬಿಣ ತಿಂಗಳೊಳಗೆ ತುಕ್ಕು ಹಿಡಿದು ಕಲ್ಲನ್ನು ಒಡೆಯುತ್ತದೆ. ಎರಡು ಗಂಟೆ ನಾವು ಆ ಪಾತ್ರೆಯ ಸುತ್ತ ಕುಳಿತೆವು. ಆ ನಡುವೆ ಅವನು ಜಿತೇಶನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ.

"ಮಮ್ಮುಕಾ, ನೋಡಿದ್ರಾ ಎಷ್ಟು ಚಂದ ಬಂದಿದೆ! ಮೊದಲು ಸೀದುಹೋದ ಇಡ್ಲಿಯ ಹಾಗೆ ಇತ್ತು. ಮುಖ್ಯ ಅತಿಥಿಗಳ ಮುಂದೆ ಅದನ್ನು ಹೇಗೆ ಇಡುದು ಹೇಳಿ. ಸರ್ಪ್ರೈಸ್ ಕೊಡುವ ಅಂತ..."

"ನಾನು ನಿನಗೆ ಎಂತ ಹೇಳಿದ್ದೆ?"

"ಅದು... ಬೇಜಾರು ಮಾಡಬೇಡಿ. ಬಳಗದಿಂದ ಏನಾದ್ರೂ ಕೊಡಿಸ್ತೇನೆ."

"ಸಿಪ್ಪೆ ಕೊಡಿಸು."

ಮಮ್ಮು ಇನ್ನೊಂದು ಬಾಟಲಿಯ ಮುಚ್ಚಳ ತಿರುಗಿಸಿದ.

"ಶನಿವಾರ ಕಲ್ಲು ಬರ್ತದೆ, ನಿನ್ನ ಕಾರ್ಡಿನಲ್ಲಿ ಅದರ ಫೋಟೋ ಉಂಟಲ್ಲ. ನಾನೇ ತರ್ತೇನೆ. ಎರಡೂ ಬದಿ ತೋರಿಸಬೇಕು. ಪಕ್ಕದಲ್ಲಿ ಇಡುವ ಬೋರ್ಡ್ ನನ್ನದು. ಒಪ್ಪದಿದ್ರೆ ಖಾಲಿ ಮೇಜು ಇಡು."

ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ದಪ್ಪ ರಟ್ಟಿನ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದೆ: "ಈ ಉಲ್ಕಾಶಿಲೆಯ ಒಂದು ಬದಿಯ ಸಹಜವಾದ ಕಪ್ಪು ಸಿಪ್ಪೆಯು ಆಕಸ್ಮಿಕವಾಗಿ ನಷ್ಟವಾಗಿದೆ." ಯಾರ ಮನಸ್ಸೂ ನೋಯಬಾರದೆಂಬ ಹಳೆಯ ಅಭ್ಯಾಸ ನನ್ನದು. ಮಮ್ಮು ಓದಿದ. ಅವನ ಕಣ್ಣು ನನ್ನ ಮೇಲೆ ಬಿತ್ತು; ಆ ಸಿಟ್ಟು ಈಗ ನನ್ನ ಪಾಲಿನದು.

"ಆಕಸ್ಮಿಕವಾ ಮಾಸ್ಟ್ರೇ? ತೆಂಗಿನಕಾಯಿ ತಲೆಗೆ ಬಿದ್ರೆ ಆಕಸ್ಮಿಕ. ಇದನ್ನು ಕಾರಿನಲ್ಲಿ ಕೂರಿಸಿ, ಮಣಿಪಾಲದಿಂದ ಕಾರ್ಕಳಕ್ಕೆ ಕರಕೊಂಡು ಹೋಗಿ, ಮೆಶಿನ್ ಕೆಳಗೆ ಇಟ್ಟದ್ದು. ನೀವು ಅಲ್ಲೇ ಕೂತಿದ್ರಿ, ನಾನು ಮೂರು ಮಾತು ಹೇಳುವಾಗ. ಕೇಳಿಲ್ವಾ ನೀವು?"

ಕೇಳಿದ್ದೆ. ಆ ರಟ್ಟನ್ನು ಹರಿದು ಹೊಸದು ಬರೆದೆ: "ಈ ಬದಿಯ ಕಪ್ಪು ಸಿಪ್ಪೆಯನ್ನು ಯಜಮಾನನನ್ನು ಕೇಳದೆ ಉಜ್ಜಿ ತೆಗೆದಿದ್ದಾರೆ. ಅದು ಮರಳಿ ಬರುವುದಿಲ್ಲ."

ಶನಿವಾರ ಮಣಿಪಾಲದ ಆ ಸಭಾಂಗಣದಲ್ಲಿ ಕಲ್ಲಿನ ಮುಂದೆ ಜನ ಸಾಲುಗಟ್ಟಿದರು. ಹೆಚ್ಚಿನವರಿಗೆ ಹೊಳೆಯುವ ಬದಿಯೇ ಬೇಕು. ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅವರು ಸರಿದೊಡನೆ ಮಮ್ಮು ಗವಸು ಹಾಕಿದ ಕೈಗಳಿಂದ ಕಲ್ಲನ್ನು ತಿರುಗಿಸಿ, ಅರ್ಧ ಸುಣ್ಣದ, ಅರ್ಧ ಕಪ್ಪಿನ ಬದಿಯನ್ನು ಮುಂದೆ ಮಾಡುವನು. ಬೆಳಗಿನಿಂದ ಮಧ್ಯಾಹ್ನದವರೆಗೆ ಎಷ್ಟು ಸಲ ತಿರುಗಿಸಿದನೋ. ಬೋರ್ಡನ್ನು ಓದಿದ ಕೆಲವರು ಜಿತೇಶನ ಕಡೆ ನೋಡಿದರು. ಅವನು ಮುಖ್ಯ ಅತಿಥಿಗಳಿಗೆ ಬೇರೆ ಮೇಜುಗಳನ್ನು ತೋರಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕರುಣಾಕರ ಆಚಾರ್ಯರು ಬಂದರು. ಬಿಳಿ ಅಂಗಿ ತೊಟ್ಟು, ಬಸ್ಸಿನಲ್ಲಿ ಬಂದಿದ್ದರು. ಬೋರ್ಡನ್ನು ಎರಡು ಸಲ ಓದಿದರು.

"ಸಾಹೇಬ್ರೇ, ಇದರಲ್ಲಿ ಯಾರು ಅಂತ ಇಲ್ಲ. ಉಜ್ಜಿದ್ದು ನಾನಲ್ವಾ?"

ಮಮ್ಮು ಜೇಬಿನ ಪೆನ್ನು ತೆಗೆದುಕೊಟ್ಟ. ಆಚಾರ್ಯರು ಬಾಗಿ, ಕಲ್ಲಿನಲ್ಲಿ ಕೊರೆದಂಥ ನೇರ ಅಕ್ಷರಗಳಲ್ಲಿ ಬೋರ್ಡಿನ ಕೆಳಗೆ ಬರೆದರು: "ಉಜ್ಜಿದವನು ಕರುಣಾಕರ ಆಚಾರ್ಯ, ಕಾರ್ಕಳ." ಪೆನ್ನು ಮರಳಿಸಿದರು. ಆಗ ಮಮ್ಮು ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿ, "ಊಟ ಮಾಡಿ ಹೋಗಿ," ಎಂದ.

ಆಮೇಲೆ ಅವನು ಅದೇ ಪೆನ್ನನ್ನು ಹಿಡಿದು, ಸಭಾಂಗಣವನ್ನು ಅಡ್ಡ ದಾಟಿ, ಜಿತೇಶನ ಮುಂದೆ ಕೈ ಚಾಚಿದ.

"ಇನ್ನೊಂದು ಗೆರೆಯ ಜಾಗ ಉಂಟು. ಕೊಟ್ಟು ಕಳಿಸಿದವನು ಯಾರು ಅಂತ ಬರಿ."

ಸುತ್ತ ಜನರಿದ್ದರು. ಜಿತೇಶ್ ನಕ್ಕ. ಪೆನ್ನನ್ನು ನೋಡಿದ, ಬೋರ್ಡನ್ನು ನೋಡಿದ. "ಒಂದು ನಿಮಿಷ ಮಮ್ಮುಕಾ, ಒಂದು ಫೋನ್ ಮಾಡ್ಲಿಕ್ಕುಂಟು," ಎಂದು ಹೊರಗೆ ಹೋದವನು ಪ್ರದರ್ಶನ ಮುಗಿಯುವವರೆಗೆ ಮರಳಲಿಲ್ಲ.

ಇದಾಗಿ ಒಂದು ವರ್ಷ ಕಳೆಯಿತು. ಮಮ್ಮು ಈಗ ಕಲ್ಲಿನ ಎರಡನೆಯ ಬದಿಯನ್ನು ಬಿಡಿಸುತ್ತಿದ್ದಾನೆ, ವಾರಕ್ಕೆ ಒಂದು ಉಗುರಿನಷ್ಟು. ಆ ಬದಿಯಲ್ಲಿ ಗೆರೆಗಳಿಲ್ಲ. ಕಲ್ಲು ಬರುವಾಗ ಅದು ಹಿಂಭಾಗವಾಗಿತ್ತು. ಅದು ಗೊತ್ತಿದ್ದೂ ಅವನು ಕೆರೆಯುತ್ತಾನೆ. ಬೋರ್ಡು ಅದೇ ಕೋಣೆಯ ಗೋಡೆಯಲ್ಲಿದೆ. ಆಚಾರ್ಯರ ಹೆಸರಿನ ಕೆಳಗೆ ಒಂದು ಗೆರೆಯ ಜಾಗ ಖಾಲಿ. ಪಕ್ಕದ ಮೊಳೆಗೆ ದಾರ ಕಟ್ಟಿ ಪೆನ್ನು ತೂಗಿಸಿದ್ದಾನೆ.

ಮೊನ್ನೆ ಹೋದಾಗ ನಾನು ಆ ಪೆನ್ನನ್ನು ಮುಟ್ಟಿ ನೋಡಿದೆ. ಜುಬೈದಾ ಬಾಗಿಲಿನಿಂದ ಹೇಳಿದಳು, "ಅದು ಹೊಸತು ಮಾಸ್ಟ್ರೇ. ಶಾಯಿ ಒಣಗ್ತದೆ ಅಂತ ಇವ್ರು ಎರಡು ಸಲ ಬದಲಿಸಿ ಆಯ್ತು."